ಭಾವನ ಹದಿನಾಲ್ಕು ರಾಕ್ಷಸರು

ಊರೂರು ಕೂಗಿಕೊಂಡು ಹೋಗುವ ಮೈಕಿನ ಆಟೋಕ್ಕೆ ನಾನು ಕೊಟ್ಟದ್ದು ಸಾವಿರದ ಎಂಟುನೂರು ರೂಪಾಯಿ. ಆಟೋದವ ಎರಡೂವರೆ ಸಾವಿರ ಹೇಳಿದ್ದ. ಮೆಲ್ಕಾರಿನಲ್ಲಿ ಎರಡು ಸಲ ಹೊರಟುಹೋಗುವವನಂತೆ ಮಾಡಿ ಇಳಿಸಿದೆ. ಯಾಕೆ ಕೊಟ್ಟೆ? ನನ್ನ ಭಾವ, ಅಂದರೆ ಅಕ್ಕನ ಗಂಡ, ಸುಳ್ಳು ಹೇಳಲು ಬಾರದ ಮನುಷ್ಯ. ಇದು ಹೊಗಳಿಕೆ ಅಲ್ಲ, ದೂರು.

ಭಾವ ನಿವೃತ್ತ ವಿಜ್ಞಾನ ಮಾಸ್ಟ್ರು. ಗುರುವಾಯನಕೆರೆಯ ನನ್ನ ಖಾಲಿ ಅಂಗಡಿಕೋಣೆಯಲ್ಲಿ ಪ್ರತಿ ಭಾನುವಾರ ಮೈಕ್ರೋಸ್ಕೋಪ್ ಇಟ್ಟು ಬಾವಿನೀರು ತೋರಿಸುತ್ತಿದ್ದರು. ಬರುತ್ತಿದ್ದದ್ದು ಇಬ್ಬರು, ಅದರಲ್ಲೊಬ್ಬ ಬಸ್ಸು ತಪ್ಪಿದವ. ಬಾಗಿಲಿನ ಬೋರ್ಡು ಓದಿದ್ದರೆ ನೀವೂ ಬರುತ್ತಿರಲಿಲ್ಲ: "ಸೂಕ್ಷ್ಮಜೀವಿಗಳ ವೀಕ್ಷಣೆ. ಕೆಲವೊಮ್ಮೆ ಏನೂ ಕಾಣದಿರಬಹುದು."

ಆ ಕೋಣೆಯನ್ನು ಒಬ್ಬ ಮೊಬೈಲ್ ಅಂಗಡಿಯವ ಬಾಡಿಗೆಗೆ ಕೇಳುತ್ತಿದ್ದ. "ಭಾವ, ಈ ತಿಂಗಳು ಜನ ಬಾರದಿದ್ರೆ ಕೋಣೆ ಅವನಿಗೆ" ಅಂದೆ. ಮಸೂರ ಒರೆಸುತ್ತಾ "ಆಯ್ತು" ಅಂದರು. ಆಮೇಲೆ ಒರೆಸಿದ್ದನ್ನೇ ಒರೆಸಿದರು.

ಅದಕ್ಕೇ ಆಟೋ. ಕಂಬಳಕ್ಕೆ ಕೂಗುವವನೇ ಕೂಗಿದ: "ಬನ್ನಿರಿ, ನೋಡಿರಿ! ನಿಮ್ಮ ಬಾವಿಯ ಒಂದು ಹನಿಯಲ್ಲಿ ಸಾವಿರ ರಾಕ್ಷಸರು!" ಬರೆದುಕೊಟ್ಟವ ನಾನೇ.

ಪಕ್ಕದಲ್ಲಿ ಕೂತಿದ್ದ ಭಾವ ಮೈಕು ಕಿತ್ತುಕೊಂಡರು. "ಸಾವಿರ ಅಲ್ಲ. ನಿನ್ನೆ ಹದಿನಾಲ್ಕು ಇತ್ತು. ರಾಕ್ಷಸರೂ ಅಲ್ಲ."

"ಹದಿನಾಲ್ಕಕ್ಕೆ ಯಾರು ಬರ್ತಾರೆ ಮಾರಾಯ್ರೆ?" ಅಂದ ಕೂಗುವವ.

"ಹದಿನಾಲ್ಕು ನೋಡ್ಲಿಕ್ಕೆ ಆಸೆ ಇರುವವರು."

ಚಹಾದ ನೆಪ ಹೇಳಿ ಭಾವನನ್ನು ಬೆಳ್ತಂಗಡಿಯಲ್ಲೇ ಇಳಿಸಿಬಿಟ್ಟೆ.

ಭಾನುವಾರ ಸಾಲು ರಸ್ತೆಯವರೆಗೆ ಬಂತು. ಎಲ್ಲರಿಗಿಂತ ಮುಂದೆ ಅಳದಂಗಡಿಯ ಒಬ್ಬರು ಅಜ್ಜಿ, ಕೈಯಲ್ಲಿ ನೀರಿನ ಬಾಟಲಿ. "ಮಾಸ್ಟ್ರೇ, ನಾಲ್ಕು ದಿನದಿಂದ ನಮ್ಮ ಬಾವಿ ಮುಟ್ಲಿಲ್ಲ. ಗುಡ್ಡೆಯಾಚೆಯಿಂದ ಹೊತ್ತು ತರ್ತೇನೆ. ಮೊಮ್ಮಗಳಿಗೆ ರಾಕ್ಷಸರ ನೀರು ಕೊಡುವುದು ಹೇಗೆ?"

ಭಾವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ ಒಂದು ಗಂಟೆ ತೋರಿಸಿದರು. "ಇವು ಮೊದಲೂ ಇದ್ದವು ಅಮ್ಮ. ನೀರು ಒಳ್ಳೆಯದೋ ಅಲ್ಲವೋ ಅಂತ ಇದರಲ್ಲಿ ಪೂರ್ತಿ ಗೊತ್ತಾಗುವುದಿಲ್ಲ. ಕುದಿಸಿ ಕೊಡಿ."

"ನಾನು ಯಾವಾಗ್ಲೂ ಕುದಿಸುವುದೇ."

"ಹಾಗಾದ್ರೆ ನಿಮ್ಮ ಬಾವಿಗೇ ಹೋಗಿ."

ಅಜ್ಜಿ ಮತ್ತೊಮ್ಮೆ ಕಣ್ಣಿಟ್ಟು, "ಪಾಪ, ಒಂದು ಸುಮ್ಮನೆ ಸುತ್ತುತ್ತಾ ಉಂಟು" ಅಂದರು. ಅಷ್ಟರಲ್ಲಿ ಸಾಲು ಕರಗಿತ್ತು.

ಭಾವ ಬೀಗದ ಕೈ ನನ್ನ ಮುಂದಿಟ್ಟರು. "ಜನ ಹೋದ್ರು. ಅವನಿಗೇ ಕೊಡು."

ನಾನು ಅದನ್ನು ತಿರುಗಿ ಅವರ ಜೇಬಿಗೆ ಹಾಕಿದೆ. ಮೊಬೈಲ್ ಅಂಗಡಿಯವನಿಗೆ ಫೋನು ಮಾಡಿ, ಕೋಣೆ ಸೋರುತ್ತದೆ ಅಂದೆ. ಸೋರುವುದಿಲ್ಲ. ಮನೆಯಲ್ಲಿ ಸುಳ್ಳು ಹೇಳಲು ಒಬ್ಬನಾದರೂ ಬೇಕಲ್ಲ.

ನಿಮ್ಮೂರಲ್ಲೂ ಇಂಥವರಿದ್ದರೆ ಜನ ಸೇರಿಸಿಕೊಡಲು ಹೋಗಬೇಡಿ. ಇನ್ನೊಂದು ಸ್ಟೂಲು ತೆಗೆದುಕೊಡಿ. ಹಳೆಯದು ಮೂಡಬಿದಿರೆಯಲ್ಲಿ ಕಡಿಮೆಗೆ ಸಿಗುತ್ತದೆ. ಕಾಲು ಅಲ್ಲಾಡಿಸಿ ನೋಡಿಯೇ ತನ್ನಿ, ಕೂರುವವರು ಅಜ್ಜಿಯಂದಿರು.