ಬಸ್ಸಿನಲ್ಲಿ ಮಲಗುವ ನೆಗೆಣ್ಣಿ

ಸರಕಾರಿ ಬಸ್ಸನ್ನೇ ಮಲಗುವ ಕೋಣೆ ಮಾಡಿಕೊಂಡವರನ್ನು ನೀವು ನೋಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬಳಿದ್ದಾಳೆ, ನನ್ನ ನೆಗೆಣ್ಣಿ. ಅವಳ ಗಂಡ, ನನ್ನ ಮೈದುನ, ಸತ್ತು ಎರಡು ವರ್ಷವಾಯಿತು. ಅಂದಿನಿಂದ ಅವಳು ಹಾಸಿಗೆಯ ಮೇಲೆ ಕುಳಿತೇ ಬೆಳಗು ಮಾಡುತ್ತಾಳೆ. ಅವಳ ದೆಸೆಯಿಂದ ನಮ್ಮ ಓಣಿಗೆ ಕಳ್ಳರು ಬರುವುದನ್ನೇ ಬಿಟ್ಟರು. ನಾಯಿಗಳಿಗೂ ಕೆಲಸವಿಲ್ಲ.

ಹೆಂಗಸರಿಗೆ ಬಸ್ಸು ಫ್ರೀ ಆದದ್ದೇ ತಡ, ಅವಳಿಗೊಂದು ದಾರಿ ಸಿಕ್ಕಿತು. ಮಧ್ಯಾಹ್ನ ಉಂಡು ಹಾನಗಲ್ಲಿನಲ್ಲಿ ಶಿಗ್ಗಾಂವದ ಬಸ್ಸು ಹತ್ತುವುದು, ಕಿಟಕಿಗೆ ತಲೆ ಕೊಡುವುದು, ಊರು ದಾಟುವ ಮೊದಲೇ ಗೊರಕೆ. ಅಲ್ಲಿಂದ ತಿರುಗಿ ಬರುವಾಗಲೂ ಗೊರಕೆ. ಒಮ್ಮೆ ನಾನೂ ಜೊತೆಗಿದ್ದೆ.

"ಎಲ್ಲಿಗೆ ಕೊಡ್ಲಿ ಬೇ ಯವ್ವಾ?" ಎಂದ ಕಂಡಕ್ಟರ.

"ಎಲ್ಲಿ ಎಚ್ಚರಾಗತೈತಿ ಅಲ್ಲಿಗೆ ಕೊಡೋ ತಮ್ಮಾ."

"ಮಷೀನ್ದಾಗ ಆ ಊರಿಲ್ಲ."

"ಹಂಗಾರ ಶಿಗ್ಗಾಂವಕ್ಕ ಕೊಡು. ಎಬ್ಬಸೋದು ಮರೀಬ್ಯಾಡ."

ಹಿಂದಿನ ಸೀಟಿನವರು ನಕ್ಕರು. ನಾನು ಅವಳ ಪರಿಚಯವೇ ಇಲ್ಲದವಳ ಹಾಗೆ ಕುಳಿತೆ.

ಈಚೆಗೆ ಬಸ್ಸಿನ ಮೆಟ್ಟಿಲು ಹತ್ತಲೂ ಏದುಸಿರು ಬಿಡತೊಡಗಿದಳು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ಬಿಪಿ ಎರಡೆರಡು ಸಲ ನೋಡಿದರು, ಇಸಿಜಿ ತೆಗೆಸಿದರು.

"ರಾತ್ರಿ ಮಲಗಿದಾಗ ಬಿಪಿ ಇಳೀಬೇಕ್ರಿ. ಇವರು ಇಳಿಯಾಕ ಬಿಡವಲ್ರು. ರಕ್ತನಾಳ ಬಿಗೀತಾವ, ಹೃದಯ ದಣಿಯಾಕತ್ತೈತಿ. ಹಿಂಗ ಬಿಟ್ರ ಒಂದಿನ ನಿಂತಹೋಗತೈತಿ."

"ಬಸ್ಸಿನ್ಯಾಗ ಮಲಗ್ತೇನಲ್ರಿ," ಎಂದಳು.

"ಎರಡು ತಾಸಿನ ತೂಕಡಿಕಿ ಸಾಲಂಗಿಲ್ರಿ."

ಹೊರಗೆ ಬಂದು ಬೈದೆ. "ಸೋಮವಾರ ಎತ್ತಿನ ಹೆಗಲಮ್ಯಾಲೂ ನೊಗಾ ಇಡಂಗಿಲ್ಲ. ನಿನ್ನ ಎದಿಗೆ ಒಂದಿನಾನೂ ಸೂಟಿ ಇಲ್ಲೇನ? ಗಂಡನ ಹಿಂದ ಹೋಗೂ ವಿಚಾರ ಐತೇನ?"

ಅವಳು ಗುಳಿಗೆಯ ಚೀಟಿ ಮಡಚುತ್ತಲೇ ಇದ್ದಳು. ಅದರಲ್ಲಿ ಮಡಚಲು ಇನ್ನೇನೂ ಉಳಿದಿರಲಿಲ್ಲ.

"ಅವರು ನನ್ನ ಮಗ್ಗಲದಾಗ ಸತ್ರಕ್ಕಾ. ನಾ ನಿದ್ದಿ ಹೊಡಿಯಾಕತ್ತಿದ್ದೆ. ಈಗ ಮಲಗಿದ್ರ ನಾನೂ ಏಳಂಗಿಲ್ಲ ಅನಸತೈತಿ. ಬಸ್ಸಿನ್ಯಾಗಾದ್ರ ಕಂಡಕ್ಟರ ಎಬ್ಬಸ್ತಾನ."

ಎರಡು ವರ್ಷ ಒಂದೇ ಮನೆಯಲ್ಲಿದ್ದು ನಾನು ಇದನ್ನು ಕೇಳಿರಲಿಲ್ಲ. ಅಂದೇ ನನ್ನ ಹಾಸಿಗೆಯನ್ನು ಅವಳ ಕೋಣೆಗೆ ಒಯ್ದೆ.

"ಐದಕ್ಕ ನಾ ಎಬ್ಬಸ್ತೇನಿ. ಬಾಯಿ ಮುಚ್ಚಿಕೊಂಡು ಮಲಕ್ಕೋ," ಎಂದೆ.

ಮೊದಲ ನಾಲ್ಕು ದಿನ ಅವಳೇ ನನಗಿಂತ ಮುಂಚೆ ಎದ್ದು ಕುಳಿತಿರುತ್ತಿದ್ದಳು. ನಿನ್ನೆ ಐದಕ್ಕೆ ಅಲುಗಿಸಿದರೆ ಏಳಲಿಲ್ಲ. ಕರೆದೆ. ಏಳಲಿಲ್ಲ. ಎರಡೂ ಭುಜ ಹಿಡಿದು ಜಗ್ಗಿದೆ.

"ಇನ್ನೊಂದ ತಾಸು ಬಿಡಕ್ಕಾ," ಎಂದು ಗೋಡೆಯ ಕಡೆ ಹೊರಳಿದಳು.

ಅಡಿಗೆಮನೆಗೆ ಬಂದು ಕಡ್ಡಿ ಗೀರಿದೆ. ಹತ್ತಲಿಲ್ಲ. ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ತಿರುಗಿ ಹೋಗಿ, ಅವಳ ಗೊರಕೆ ಕೇಳಿಸುವ ತನಕ ಕೋಣೆಯ ಬಾಗಿಲಲ್ಲಿ ನಿಂತೆ.