ಎಲೆ ಎತ್ತುವವರು ಯಾರು?

ಹೆದರುವವರಿಗೆ ಒಂದು ಸಮಾಧಾನವಿದೆ: ಅವರು ಹೆದರಿದ್ದು ಯಾವುದೂ ಆಗುವುದಿಲ್ಲ. ಆಗುವುದೆಲ್ಲ ಹೆದರಲು ಮರೆತದ್ದು. ಗ್ಯಾಸ್ ಬಂದ್ ಮಾಡಿದೆನೇ ಎಂದು ಕುಂದಾಪುರದ ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳಿ ಹೋಗಿ ನೋಡಿಬರುವವನು ನಾನು. ನಾನೇ ಬರೆದ ಕಂಪ್ಯೂಟರ್ ಪ್ರೋಗ್ರಾಮಿಗೆ ಹೆದರಬೇಕಾದೀತು ಎಂದು ಮಾತ್ರ ಎಣಿಸಿರಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಮರವಂತೆಯ ಗಣಪಣ್ಣನ ಶೆಡ್ಡಿನಲ್ಲಿ ಮೀನು ತೂಗಿ, ದೋಣಿಯ ಹೆಸರು ಹಾಕಿ ಚೀಟಿ ಕೊಡುವ ಪ್ರೋಗ್ರಾಮು ನನ್ನದು. ತಿಂಗಳೊಳಗೆ ಅವರ ಫೋನು ಬಂತು. “ಹ್ವಾಯ್, ಒಂಚೂರ್ ಬನ್ನಿ ಮಾರಾಯ್ರೆ. ಕಡಲಿಗ್ ಹೋದದ್ದ್ ತಿರ್ಗಿ ಬರ್ಲೇ ಇಲ್ಲ, ಆ ದೋಣಿ ಹೆಸ್ರಲ್ ಚೀಟಿ ಬತ್ತಾ ಇತ್ತ್!”

ಹೋದೆ. ಮಟಮಟ ಮಧ್ಯಾಹ್ನ. ರಸ್ತೆಯ ಆಚೆ ಕಡಲು ಒಂದೇ ಸಮನೆ ಮೊರೆಯುತ್ತಿತ್ತು. ಈಚೆ ಹೊಳೆ ಉಸಿರೆತ್ತದೆ ಮಲಗಿತ್ತು. ಬುಟ್ಟಿ ಇಟ್ಟು ತೂಗಿದೆ, ಸರಿ. ಮತ್ತೆ ತೂಗಿದೆ, ಸರಿ. ಹನ್ನೊಂದನೆಯ ಸಲಕ್ಕೆ ಪ್ರಿಂಟರು ಕಿರುಗುಟ್ಟಿ ‘ಜಲಲಕ್ಷ್ಮಿ’ ಎಂದು ಬರೆಯಿತು. ಪರದೆ ಸ್ತಬ್ಧವಾಯಿತು. ನಾನು ಬಾಗಿಲಿನತ್ತ ಎರಡು ಹೆಜ್ಜೆ ಹಿಂದೆ ಸರಿದೆ.

ಜಲಲಕ್ಷ್ಮಿ ದೋಣಿ ಕಡಲಿಗೆ ಹೋಗಿ ಮೂರು ವರ್ಷವಾಗಿತ್ತು. ಅದರ ಹೆಸರನ್ನು ಶೆಡ್ಡಿನ ಹಳೆಯ ದೋಣಿಪಟ್ಟಿಯ ಮೊದಲ ಸಾಲಿನಿಂದ ಅಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ; ಆ ಪಟ್ಟಿಯನ್ನೇ ನಾನು ಪ್ರೋಗ್ರಾಮಿಗೆ ಹಾಕಿದ್ದೆ. ಅದರಲ್ಲಿ ಹೋದವರೊಬ್ಬರ ಹೆಂಡತಿ, ಮೀನು ಮಾರುವ ಕಾವೇರಕ್ಕ, ಚೀಟಿಯ ಸುದ್ದಿ ಕೇಳಿದ ದಿನದಿಂದ ಮಧ್ಯಾಹ್ನ ಬಾಗಿಲಿಗೆ ಬಂದು, “ಇವತ್ತ್ ಬಂತಾ?” ಎಂದು ಕೇಳುತ್ತಿದ್ದರು. ಮನೆಯವರು ಹೇಗೋ ಒಪ್ಪಿಸಿದ್ದ ಗಂಡನ ತಿಥಿಯನ್ನೂ ಈಗ ಬೇಡವೆಂದಿದ್ದರಂತೆ. ಬರುವವರಿಗೆ ತಿಥಿ ಯಾಕೆ?

ತಪ್ಪನ್ನು ಮೂರು ದಿನ ಹುಡುಕಿದೆ. ನಾಲ್ಕನೆಯ ದಿನ ಗಣಪಣ್ಣನ ಮನೆಯಲ್ಲಿ ಪೂಜೆಯೂಟ. ನಮ್ಮ ಮನೆಯ ಕ್ರಮದಂತೆ ಉಂಡ ಎಲೆಯನ್ನು ನಾನೇ ಎತ್ತಿಕೊಂಡು ಎದ್ದೆ. ಅವರ ಮನೆಯಲ್ಲಿ ಎಲೆ ಎತ್ತುವುದು ಮನೆಯವರು. ಅವರ ಹೆಂಡತಿ ಸುಶೀಲಕ್ಕ, ಸಾಲಿನ ಕೊನೆಯ ಎಲೆ ನನ್ನದೇ ಎಂಬ ಲೆಕ್ಕದಲ್ಲಿ, ತಲೆ ಎತ್ತದೆ, ನನ್ನ ಪಕ್ಕದಲ್ಲಿದ್ದ ಗಂಡನ ಎಲೆಯನ್ನು ಪಾಯಸದ ಸಮೇತ ಮಡಚಿಬಿಟ್ಟರು. “ಎಂತ ಮಾಡ್ತೆ ಮಾರಾಯ್ತಿ, ನಾನಿನ್ನೂ ಉಣ್ತಾ ಇದ್ದೆ!” ಎಂದು ಗಣಪಣ್ಣ ಕೂಗಿದರು. ನಾನು ಎಲೆ ಹಿಡಿದುಕೊಂಡೇ ನಿಂತೆ.

ಇದೇ! ತೂಕದ ಯಂತ್ರದ ಜೊತೆ ಬಂದ ಡಿಎಲ್‌ಎಲ್ ಎಂಬ ಒಂದು ಸಹಾಯಕ ಕಡತವನ್ನು ನನ್ನ ಪ್ರೋಗ್ರಾಮು, ಓಡುತ್ತಿರುವಾಗಲೇ, ಎಳೆದುಕೊಂಡು ಕೆಲಸ ಹೇಳುತ್ತಿತ್ತು. ಕೆಲಸಕ್ಕೆಂದು ಕಂಪ್ಯೂಟರಿನ ನೆನಪಿನಲ್ಲಿ ಹಾಸಿದ್ದನ್ನು ಕೊನೆಗೆ ಎತ್ತಬೇಕಾದವರು ಯಾರು, ಕರೆದ ಪ್ರೋಗ್ರಾಮೋ ಬಂದ ಕಡತವೋ ಎಂಬುದಕ್ಕೆ ಒಂದು ಕ್ರಮವಿದೆ. ಇಲ್ಲಿ ಇಬ್ಬರೂ ಎತ್ತುತ್ತಿದ್ದರು. ಪ್ರತಿ ತೂಕಕ್ಕೂ ಪಕ್ಕದವರದ್ದು ಸ್ವಲ್ಪ ಸ್ವಲ್ಪವೇ ಹೋಗಿ, ಕೊನೆಗೆ ದೋಣಿಯ ಸಂಖ್ಯೆಯೇ ಅಳಿಸಿ ಸೊನ್ನೆಯಾಗುತ್ತಿತ್ತು. ಕಂಪ್ಯೂಟರ್ ಎಣಿಸುವುದು ಸೊನ್ನೆಯಿಂದ; ಸೊನ್ನೆಯೆಂದರೆ ಪಟ್ಟಿಯ ಮೊದಲ ಹೆಸರು.

ಎತ್ತುವವರು ಒಬ್ಬರೇ ಆಗುವಂತೆ ಒಂದೇ ಪದ ತಿದ್ದಿದೆ. ಇನ್ನೂರು ಸಲ ತೂಗಿದೆ. ಜಲಲಕ್ಷ್ಮಿ ಬರಲಿಲ್ಲ. ಗೆದ್ದವನಂತೆ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಕಾವೇರಕ್ಕ.

“ಇವತ್ತ್ ಬಂತಾ?”

ಗಣಪಣ್ಣ ನನ್ನ ಮುಖ ನೋಡಿದರು. “ಮಿಷನ್ ರಿಪೇರಿ ಆಯ್ತ್ ಅಕ್ಕ,” ಎಂದೆ.

ಕಾವೇರಕ್ಕ ತಲೆಯ ಮೀನುಬುಟ್ಟಿಯನ್ನು ಸರಿಪಡಿಸಿಕೊಂಡರು. “ಹಾಂಗಾರೆ ಇನ್ ಮೇಲೆ ಅವ್ರ್ ಬಪ್ಪುದಿಲ್ಯಾ?”

ಎಲೆಯ ಕಥೆ ಹೇಳಬಹುದಿತ್ತು. ಅದರ ಬದಲು ಮೇಜಿನಡಿ ನುಗ್ಗಿ, ಸರಿಯಾಗಿಯೇ ಇದ್ದ ಪ್ರಿಂಟರಿನ ಕೇಬಲನ್ನು ಕಿತ್ತೆ, ಸಿಕ್ಕಿಸಿದೆ, ಮತ್ತೆ ಕಿತ್ತೆ. ಅವರ ಬುಟ್ಟಿಯ ನೆರಳು ಹೊಸ್ತಿಲಿನಿಂದ ಸರಿದು ಹೋಗುವವರೆಗೂ ಆ ಕೇಬಲು ಸರಿಯಾಗಲೇ ಇಲ್ಲ.