ಹದಿನೆಂಟು ವರ್ಷ ಕೆಟ್ಟಿದ್ದ ಎಂಜಿನ್ನು

ಹೆಂಡತಿ: ಇವತ್ತು ಆ ಎಂಜಿನ್ನಿನ ಒಲೆಗೆ ಬೆಂಕಿ ಬೀಳ್ಬೇಕು, ಇಲ್ಲ ಅದು ಮನೆ ಬಿಟ್ಟು ಹೋಗ್ಬೇಕು. ಮೂರನೇ ಮಾತಿಲ್ಲ.

ಗಂಡ: ಹಾಗೆ ದುಡುಕಿದ್ರೆ ಆಗುತ್ತೇನೇ? ಅದೇನು ಅಡುಗೆ ಒಲೆಯಾ? ನೂರು ವರ್ಷದ ಉಗಿಯಂತ್ರ. ಅದರ ಪುನರುಜ್ಜೀವನಕ್ಕೆ ಒಂದು ಕ್ರಮ ಇದೆ.

ಹೆಂಡತಿ: ಹದಿನೆಂಟು ವರ್ಷದಿಂದ ಆ ಕ್ರಮ ಕೇಳ್ತಾನೇ ಇದೀನಿ. ಅದು ಬಾಯಿಂದ ಕೈಗೆ ಇಳಿಯೋದು ಯಾವಾಗ?

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ರಸ್ತೆ ಸಮ ಮಾಡುವ ಹಳೆಯ ಉಗಿ ರೋಲರ್ ನಿಂತಿತ್ತು. ಅದನ್ನು ಕೊಂಡು ತಂದವನು ಈ ಗಂಡ. ಅಂಚೆ ಕಚೇರಿಯಿಂದ ನಿವೃತ್ತನಾದವನು, ಉಗಿಯಂತ್ರ ಪ್ರೇಮಿಗಳ ಸಂಘದ ಅಧ್ಯಕ್ಷ. ತಮ್ಮ ತಮ್ಮ ಮನೆಯಲ್ಲೂ ಇಂಥದೇ ಒಂದು ಕೆಟ್ಟ ಯಂತ್ರ ಇಟ್ಟುಕೊಂಡಿದ್ದ ಸಂಘದವರು ಪ್ರತಿ ಭಾನುವಾರ ರೋಲರಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅದನ್ನು ಓಡುವಂತೆ ಮಾಡುವುದು ಹೇಗೆಂದು ಇವನು ವಿವರಿಸುತ್ತಿದ್ದ, ಹೆಂಡತಿ ಚಹಾ ಕೊಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಯಂತ್ರದಲ್ಲಿ ಬದಲಾದದ್ದು ಧೂಳಿನ ದಪ್ಪ ಮಾತ್ರ.

ಸಾಕಾಗಿ ಹೆಂಡತಿ ಕಳೆದ ವಾರ ತನ್ನ ಸೋದರಮಾವನನ್ನು ಕರೆಸಿದ್ದಳು. ನಲವತ್ತು ವರ್ಷ ಬಾಯ್ಲರುಗಳ ಒಳಗೆ ಕೂತು ಸುತ್ತಿಗೆ ಬಡಿದ ಮೇಸ್ತ್ರಿ. ಕಿವಿ ಮುಕ್ಕಾಲು ಪಾಲು ಅಲ್ಲೇ ಬಿಟ್ಟು ಬಂದವನು. ಈಗ ಆತ ಯಂತ್ರದ ಹೊಟ್ಟೆಯಡಿಯಿಂದ ತೆವಳಿಕೊಂಡು ಹೊರಬಂದ. ಮೈಯೆಲ್ಲ ಎಣ್ಣೆ.

ಗಂಡ: ಏನ್ ಮಾವ, ಪರಿಸ್ಥಿತಿ ಗಂಭೀರ ತಾನೇ? ಪುನರುಜ್ಜೀವನ ಕಷ್ಟ ಅಲ್ವಾ?

ಮಾವ: ಪುನಃ ಉಜ್ಜೋದಾ? ಬೇಡಪ್ಪ, ನಿನ್ನೆನೇ ಚೆನ್ನಾಗಿ ಉಜ್ಜಿದೀನಿ.

ಗಂಡ: (ಕೂಗಿ) ಕೊಳವೆಗಳು ಮಾವ! ಬಾಯ್ಲರಿನ ಕೊಳವೆಗಳು! ತುಕ್ಕು ತಿಂದು ಹೋಗಿವೆ ಅಲ್ವಾ?

ಮಾವ: ಯಾರು ಹೇಳಿದ್ದು?

ಗಂಡ: ನಾನೇ. ಎಲ್ಲಾ ಸಭೇಲೂ ಹೇಳಿದೀನಿ.

ಮಾವ: ನೋಡಿ ಹೇಳಿದ್ಯಾ?

ಗಂಡ: ಅಧ್ಯಯನ ಮಾಡಿ ಹೇಳಿದೆ.

ಮಾವ: ಕೊಳವೆ ಎಲ್ಲಾ ಹೊಸದು. ಒಳಗೆಲ್ಲ ಒಣಗಿಸಿ ಎಣ್ಣೆ ಬಳಿದು ಮುಚ್ಚಿಟ್ಟಿದ್ರು. ಪುಣ್ಯಕ್ಕೆ ನೀನೇನೂ ಮುಟ್ಟಿಲ್ಲ. ಮುಟ್ಟಿದ್ರೆ ಕೆಡ್ತಿತ್ತು.

ಹೆಂಡತಿ: ಬೆಂಕಿಗೂಡಿನ ಬಾಗಿಲ ಒಳಗಡೆ ಈ ಚೀಟಿ ಕಟ್ಟಿದ್ರು. ನಾನು ಮೊನ್ನೆನೇ ಓದಿದೆ. ಈಗ ನೀವು ಓದಿ. ಜೋರಾಗಿ.

ಗಂಡ: 'ಪೂರ್ತಿ ರಿಪೇರಿ ಆಗಿದೆ. ನೀರು ತುಂಬಿಸಿ, ಬೆಂಕಿ ಹಾಕಿ, ಓಡಿಸಿ...'

ಕೆಳಗೆ ಮಾರಿದವನ ಸಹಿಯಿತ್ತು. ರೋಲರ್ ಈ ಮನೆಗೆ ಬಂದ ದಿನದ ತಾರೀಖೂ ಇತ್ತು.

ಹೆಂಡತಿ: ಹದಿನೆಂಟು ವರ್ಷದಲ್ಲಿ ಒಂದು ಸಲಾನೂ ಆ ಬಾಗಿಲು ತೆಗೀಲಿಲ್ವಾ ನೀವು?

ಗಂಡ: ಹಿಡಿ ಗಿಡಿ ಮುರಿದು ಹೋದೀತು ಅಂತ... ಮೂಲ ಹಿಡಿ ಕಣೇ ಅದು. ಮತ್ತೆ, ಓಡಿಸಲೇಬೇಕು ಅಂತ ಏನಿದೆ ಹೇಳು? ಓಡಿದ್ರೆ ಸವೆಯುತ್ತೆ. ಸುಮ್ನೆ ನಿಂತಿದ್ರೇನೇ ಅದಕ್ಕೊಂದು ಘನತೆ. ಇದು ನಮ್ಮ ಪರಂಪರೆ.

ಮಾವ: ಪೊರಕೆನಾ? ಆ ಮೂಲೇಲಿದೆ ನೋಡು.

ಹೆಂಡತಿ: ಅಲ್ಲೇ ಇರ್ಲಿ ಮಾವ. ಇವರು ಇನ್ನೊಂದು ಮಾತಾಡಿದ್ರೆ ಬೇಕಾಗುತ್ತೆ.

ಗಂಡ: ಬಾಯ್ಲರ್ ಸಿಡಿದ್ರೆ ಯಾರು ಹೊಣೆ? ಸರ್ಕಾರದ ಇನ್ಸ್‌ಪೆಕ್ಟರ್ ಬಂದು ಪರೀಕ್ಷೆ ಮಾಡದೆ...

ಹೆಂಡತಿ: ನಿನ್ನೆ ಬಂದಿದ್ರು. ನೀರು ತುಂಬಿಸಿ ಒತ್ತಡ ನೋಡಿ, ಸಹಿ ಹಾಕಿ ಹೋದ್ರು.

ಗಂಡ: ನಾನೆಲ್ಲಿದ್ದೆ?

ಹೆಂಡತಿ: 'ಕೆಟ್ಟು ನಿಂತ ಯಂತ್ರಗಳ ಮೂಕವೇದನೆ' ಅಂತ ಎಲ್ಲೋ ಭಾಷಣಕ್ಕೆ ಹೋಗಿದ್ರಿ.

ಮಾವ: ಪಾಷಾಣವಾ! ಅಯ್ಯೋ, ಎಂಜಿನ್ ಸರಿಯಿದೆ ಅಂತ ಯಾರಾದ್ರೂ ಪಾಷಾಣ ಕುಡೀತಾರಾ?

ಹೆಂಡತಿ: ಕುಡಿಯೋದಲ್ಲ ಮಾವ, ಕುಡಿಸೋದು. ಪ್ರತಿ ಭಾನುವಾರ.

ಗಂಡ ಶೆಡ್ಡಿನ ಹೊಸ್ತಿಲ ಮೇಲೆ ಕುಸಿದು ಕೂತ.

ಗಂಡ: ಓಡಿಬಿಟ್ರೆ ಅವರೆಲ್ಲ ಯಾಕೆ ಬರ್ತಾರೆ ಹೇಳು? ಮೂವತ್ತು ವರ್ಷ ಕಿಟಕಿ ಹಿಂದೆ ಕೂತಿದ್ದೆ. ಜನ ಸ್ಟಾಂಪ್ ಕೇಳಿದ್ರೇ ಹೊರತು ಒಬ್ಬರೂ ನನ್ನ ಮಾತು ಕೇಳ್ಲಿಲ್ಲ. ಇದು ಬಂದ ಮೇಲೆ ಕುರ್ಚಿ ಹಾಕ್ಕೊಂಡು ಕೇಳ್ತಾರೆ ಕಣೇ.

ಹೆಂಡತಿ ಅವನ ಎದುರಿಗೆ ಬಂದು ನಿಂತಳು.

ಹೆಂಡತಿ: ಇದನ್ನ ತಂದ ದಿನ ಏನಂದ್ರಿ? ಮೊದಲನೇ ಸವಾರಿ ನಿಂದೇ ಅಂದ್ರಿ. ಆಗ ನನ್ನ ಮಂಡಿ ನೋಯ್ತಿರ್ಲಿಲ್ಲ. ನಾನೂ ಕೇಳಿದೀನಿ ನಿಮ್ಮ ಮಾತು, ನಿಂತ್ಕೊಂಡು. ಏಳಿ, ಆ ಸಲಿಕೆ ತಗೊಳ್ಳಿ.

ಗಂಡ ಎದ್ದ. ಕಲ್ಲಿದ್ದಲು ಬಿತ್ತು, ಬೆಂಕಿ ಹತ್ತಿತು. ಬಾಯ್ಲರು ಕಾಯಲು ನಾಲ್ಕು ಗಂಟೆ ಹಿಡಿಯಿತು. ಮಧ್ಯಾಹ್ನ ಮೂರಕ್ಕೆ ಹೆಂಡತಿ ಮೇಲೆ ಹತ್ತಿದಳು. ಮಾವ ತೋರಿಸಿದ ಸನ್ನೆಕೋಲನ್ನು ಎಳೆದಳು. ರೋಲರ್ ಒಮ್ಮೆ ಕೆಮ್ಮಿತು, ನಡುಗಿತು, ಮೆಲ್ಲಗೆ ಅಂಗಳಕ್ಕೆ ಉರುಳಿತು. ಹೆಂಡತಿ ಸೀಟಿ ಎಳೆದಳು, ಮತ್ತೆ ಎಳೆದಳು. ಪಕ್ಕದಲ್ಲಿ ಸಲಿಕೆ ಹಿಡಿದು ನಿಂತಿದ್ದ ಗಂಡ, ತನಗೇ ಗೊತ್ತಿಲ್ಲದೆ, ಬಾಯಿ ತುಂಬಾ ನಗುತ್ತಿದ್ದ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವನ ಕೈ ಕಪ್ಪಾಗಿತ್ತು.

ಅಷ್ಟರಲ್ಲಿ ಭಾನುವಾರದ ಸಭೆಗೆಂದು ಸಂಘದ ಕಾರ್ಯದರ್ಶಿ ಗೇಟು ತೆಗೆದ. ತೆಗೆದವನು ಅಲ್ಲೇ ನಿಂತ.

ಕಾರ್ಯದರ್ಶಿ: ಸರ್! ಏನ್ ಸರ್ ಇದು ಅನಾಹುತ! ಓಡ್ತಿದೆ!

ಗಂಡ: ಹೌದ್ರೀ. ನನಗೂ ಇವತ್ತೇ ಗೊತ್ತಾಗಿದ್ದು.

ಕಾರ್ಯದರ್ಶಿ: ಸಂಘದ ಗತಿ ಏನು ಸರ್? ನಾವು ಯಂತ್ರ ಉಳಿಸೋರು, ಓಡಿಸೋರಲ್ಲ! ಅಧ್ಯಕ್ಷರ ಯಂತ್ರಾನೇ ಸರಿಹೋಯ್ತು ಅಂದ್ರೆ ಮನೇಲಿ ನಮ್ಮನ್ನ ಸುಮ್ನೆ ಬಿಡ್ತಾರಾ?

ಗಂಡ ತನ್ನ ಅಂಗೈ ನೋಡಿಕೊಂಡ. ಆಮೇಲೆ ಕಾರ್ಯದರ್ಶಿಯ ಬಿಳಿ ಅಂಗೈ ನೋಡಿದ.

ಗಂಡ: ಮಾವ! ಇವರ ಮನೇಲಿ ಮರ ಕೊಯ್ಯೋ ಉಗಿಯಂತ್ರ ಇದೆ. ಹನ್ನೆರಡು ವರ್ಷದಿಂದ ಕೆಟ್ಟಿದೆಯಂತೆ. ಹೋಗಿ ನೋಡೋಣವಾ?

ಈ ಮಾತು ಮಾತ್ರ ಮಾವನಿಗೆ ಒಂದೇ ಸಲಕ್ಕೆ ಕೇಳಿಸಿತು. ಸುತ್ತಿಗೆ ಎತ್ತಿಕೊಂಡು ಹೊರಟೇಬಿಟ್ಟ.

ಕಾರ್ಯದರ್ಶಿ: ಬೇಡ, ಬೇಡ! ನಮ್ಮದು ನಿಜವಾಗ್ಲೂ ಕೆಟ್ಟಿದೆ! ಆಣೆ ಮಾಡಿ ಹೇಳ್ತೀನಿ!

ಹೇಳುತ್ತಲೇ ಹಿಂದೆ ಹಿಂದೆ ಸರಿದು, ಗೇಟು ದಾಟಿದ್ದೇ ಕಾಲಿಗೆ ಬುದ್ಧಿ ಹೇಳಿದ. ಬೀದಿಯ ತುದಿಯಲ್ಲಿ ಬರುತ್ತಿದ್ದ ಇನ್ನಿಬ್ಬರು ಸದಸ್ಯರು ಕಾರಣ ಕೇಳಿ, ಅವನ ಹಿಂದೆಯೇ ತಿರುಗಿ ಓಡಿದರು.

ಹೆಂಡತಿ: (ಚಕ್ರ ತಿರುಗಿಸುತ್ತ) ನೋಡಿದ್ರಾ? ಒಂದು ಎಂಜಿನ್ ಸರಿಯಾಗಿದ್ದೇ ತಡ, ಸಂಘ ಪೂರ್ತಿ ಓಡ್ತಿದೆ.